ಓಬಳಮ್ಮ ಹುಡುಕುತ್ತಿರುವ ಹಳದಿ ಫ್ರಾಕು

ನಿಮ್ಮ ಮೈಮೇಲಿರುವ ಅಂಗಿಯನ್ನು ಮಷಿನ್ ಹೊಲಿದಿಲ್ಲ. ಮಷಿನ್ ತಾನಾಗಿ ಏನನ್ನೂ ಹೊಲಿಯುವುದಿಲ್ಲ. ಅದರ ಮುಂದೆ ಒಬ್ಬ ಹೆಂಗಸು ಕೂತಿರುತ್ತಾಳೆ. ಓಡುವ ಸೂಜಿಗೂ ಅವಳ ಬೆರಳಿಗೂ ನಡುವೆ ಅರ್ಧ ಇಂಚು ಜಾಗ ಇರುತ್ತದೆ. ಇದು ಅಂಗಿ ಹಾಕುವ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದ ಸಂಗತಿ. ಗೊತ್ತಿಲ್ಲ ಅಂದರೆ ನೀವು ಅಂಗಡಿಯಲ್ಲಿ ಬಣ್ಣ ನೋಡಿದ್ದೀರಿ, ರೇಟು ನೋಡಿದ್ದೀರಿ, ಹೊಲಿಗೆ ನೋಡಿಲ್ಲ ಅಂತ ಅರ್ಥ.

ನಾನು ಹೇಳುತ್ತಿರುವ ಹೆಂಗಸಿನ ಹೆಸರು ಓಬಳಮ್ಮ. ಗೌರಿಬಿದನೂರು ತಾಲ್ಲೂಕು, ನಗರಗೆರೆ ಪಕ್ಕದ ಊರು. ವಯಸ್ಸು ಮೂವತ್ತೊಂಬತ್ತು. ಗಂಡ ಗಂಗರಾಜು ಗಾರೆ ಕೆಲಸದವನು, ಕೆಲಸ ಸಿಕ್ಕ ಕಡೆ ವಾರಗಟ್ಟಲೆ ಇರುತ್ತಾನೆ. ಮನೆಯಲ್ಲಿ ಅತ್ತೆ ಕದಿರಮ್ಮ, ಪಿಯುಸಿ ಓದುವ ಮಗಳು ಹರಿತಾ. ಹನ್ನೊಂದು ವರ್ಷದಿಂದ ಓಬಳಮ್ಮ ಬೆಳಿಗ್ಗೆ ಏಳಕ್ಕೆ ಕಂಪನಿ ವ್ಯಾನು ಹತ್ತಿ ಗೌರಿಬಿದನೂರಿನ ಆಚೆ ಇರುವ ಒಂದು ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಮಕ್ಕಳ ಬಟ್ಟೆ ಹೊಲಿಯುವ ಕಂಪನಿ. ಲೈನಿನಲ್ಲಿ ಮೂವತ್ತು ಹೆಂಗಸರು. ಒಬ್ಬಳು ತೋಳು ಕೂರಿಸಿದರೆ ಇನ್ನೊಬ್ಬಳು ಗುಂಡಿಪಟ್ಟಿ, ಮತ್ತೊಬ್ಬಳು ನೆರಿಗೆ. ಓಬಳಮ್ಮನದು ಕಾಲರ್. ಪುಟ್ಟ ಫ್ರಾಕಿನ ಕುತ್ತಿಗೆಗೆ ದುಂಡನೆಯ ಕಾಲರ್ ಕೂರಿಸುವುದು. ಗಂಟೆಗೆ ಅರವತ್ತು.

ಕಳೆದ ಚಳಿಗಾಲದ ಒಂದು ಬುಧವಾರ ಸಂಜೆಯಿಂದ ಇದು ಶುರುವಾಗುತ್ತದೆ. ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಮಕ್ಕಳಿಗೆ ಒಂದೊಂದು ಪದ ಹಂಚಿದ್ದರು. ಅದೇ ಅರ್ಥ ಕೊಡುವ ಐದು ಪದ ಬರೀಬೇಕು, ಯಾವುದನ್ನು ಎಲ್ಲಿ ಬಳಸುತ್ತಾರೆ ಅಂತ ವಾಕ್ಯ ಮಾಡಬೇಕು. ಹರಿತಾಳ ಪಾಲಿಗೆ ಬಂದದ್ದು 'ಪ್ರೊಡಕ್ಷನ್'.

"ಅಮ್ಮ, ಇದು ನಿನ್ನ ಪದ. ನೀನೇ ಹೇಳು" ಅಂದಳು.

"ಗೊತ್ತಿಲ್ದೆ ಏನು. ದಿನಕ್ಕೆ ನೂರು ಸಲ ಬೀಳ್ತದೆ ಕಿವಿಗೆ. ಪ್ರೊಡಕ್ಷನ್ ಕೊಡಮ್ಮ. ಪ್ರೊಡಕ್ಷನ್ ಬಿತ್ತು. ಎಲ್ಲಮ್ಮ ಪ್ರೊಡಕ್ಷನ್ನು? ಉಚ್ಚೆಗೆ ಆಮೇಲೆ ಹೋಗು, ಪ್ರೊಡಕ್ಷನ್ ಹೋಗ್ತದೆ."

"ಥೂ! ಅದನ್ನ ಬರೆಯಕ್ಕಾಗುತ್ತಾ?"

"ಬರೀಬೇಡ ಬಿಡು. ಆದ್ರೆ ಆ ಪದಾನ ಯಾರಾದ್ರೂ ಮೆಲ್ಲಗೆ ಹೇಳಿದ್ದು ಮಾತ್ರ ನಾನು ಕೇಳಿಲ್ಲ ಕಣೇ."

ಬಾಗಿಲ ಹತ್ತಿರ ಅವರೆಕಾಯಿ ಸುಲಿಯುತ್ತಿದ್ದ ಕದಿರಮ್ಮ ತಲೆ ಎತ್ತಿದಳು. ಅವಳ ತವರು ಗಡಿಯಾಚೆ, ಬಾಯಲ್ಲಿ ಅರ್ಧ ತೆಲುಗು. "ಏಮೇ ಅದಿ? ಅಂದ್ರೇನು?"

"ವಸ್ತು ಮಾಡೋದು ಅಜ್ಜಿ."

"ಏನ್ ವಸ್ತು?"

"ಯಾವುದಾದ್ರೂ."

"ಯಾವುದಾದ್ರೂ ಅಂದ್ರೆ ಹೆಂಗೇ? ಪೊರಕೆ ಆದ್ರೆ ಕಟ್ತಾರೆ. ಬೆರಣಿ ತಟ್ತಾರೆ. ಹಗ್ಗ ಹೊಸೀತಾರೆ, ಚಾಪೆ ಹೆಣೀತಾರೆ, ಶಾವಿಗೆ ಒತ್ತುತಾರೆ. ನಿಮ್ಮಪ್ಪ ಗೋಡೆ ಎತ್ತುತಾನೆ. ಎಲ್ಲಕ್ಕೂ ಒಂದೇ ಮಾತಾ? ಪಾಪ, ಅಷ್ಟು ಬಡವರಾ ಇಂಗ್ಲಿಷಿನೋರು!"

ಹರಿತಾ ನಕ್ಕು ಮೊಬೈಲ್ ತೆಗೆದು ಒಂದೊಂದೇ ಓದಿದಳು. ಮ್ಯಾನುಫ್ಯಾಕ್ಚರ್: ಫ್ಯಾಕ್ಟರಿಯಲ್ಲಿ ಮಷಿನಿಂದ ರಾಶಿ ರಾಶಿ ತಯಾರಿಸೋದು. ಔಟ್‌ಪುಟ್: ಇಷ್ಟು ಹೊತ್ತಲ್ಲಿ ಇಷ್ಟು ಅಂತ ಲೆಕ್ಕ ಹಾಕೋದು. ಅಸೆಂಬ್ಲಿ: ಬಿಡಿ ಭಾಗ ಜೋಡಿಸೋದು. ಕ್ರಿಯೇಷನ್: ಸೃಷ್ಟಿ, ದೇವರು ಮಾಡೋದು, ಕಲೆಗಾರರು ಮಾಡೋದು.

"ದೇವ್ರಿಗೇನು, ಟಾರ್ಗೆಟ್ಟಾ ಗೀರ್ಗೆಟ್ಟಾ" ಅಂದಳು ಓಬಳಮ್ಮ. "ಕೊನೇದು?"

"ಮೇಕಿಂಗ್. ಬರೀ ಮಾಡೋದು. ಕೈಯಿಂದ ಮಾಡಿದ್ದಕ್ಕೆ ಜಾಸ್ತಿ ಬಳಸ್ತಾರಂತೆ."

"ಹಂಗಾದ್ರೆ ನಂದು ಇದೇ ಕಣೇ. ಕಾಲರ್ ನಾನು ಮಾಡ್ತೀನಿ. ಲೈನಿನ ಬೋರ್ಡ್ ಮೇಲೆ ಲೆಕ್ಕ ಬರೆದ್ಮೇಲೆ ಅದು ಪ್ರೊಡಕ್ಷನ್ ಆಗ್ತದೆ."

ಮೇಷ್ಟ್ರಿಗೆ ತೋರಿಸಲು ಇನ್ನೊಂದು ವಾಕ್ಯ ಬೇಕಿತ್ತು. ಓಬಳಮ್ಮ ಯೋಚನೆಯನ್ನೂ ಮಾಡದೆ ಹೇಳಿದಳು: "ಬರ್ಕೋ. ಏನೇ ಆದ್ರೂ ಪ್ರೊಡಕ್ಷನ್ ನಿಲ್ಲಬಾರದು." ಹರಿತಾ ಇಂಗ್ಲಿಷಿನಲ್ಲಿ ಬರೆದುಕೊಂಡಳು. ಆ ವಾಕ್ಯಕ್ಕೆ ಮೇಷ್ಟ್ರು ಕೆಂಪು ಇಂಕಿನಲ್ಲಿ 'ಗುಡ್' ಅಂತ ಬರೆದು ಕೊಟ್ಟರು. ಆ 'ಗುಡ್' ಮನೆಗೆ ಬರುವ ಹೊತ್ತಿಗೆ ಓಬಳಮ್ಮನ ಸೂಜಿ ಮುರಿದಿತ್ತು.

ಗುರುವಾರ ಮಧ್ಯಾಹ್ನ ಮೂರೂ ಮುಕ್ಕಾಲು. ಹಳದಿ ಫ್ರಾಕು, ಎರಡು ವರ್ಷದ ಮಗುವಿನ ಅಳತೆ. ಕಾಲರ್ ಬಲಗಡೆಯಿಂದ ಶುರುವಾಗಿ ಎಡ ಹೆಗಲ ಹೊಲಿಗೆಗೆ ಬಂದಿತ್ತು. ಅಲ್ಲಿ ನಾಲ್ಕು ಪದರ ಬಟ್ಟೆ ಸೇರುತ್ತದೆ. 'ಟಕ್' ಅಂದಿತು. ಎಡಗೈ ತೋರುಬೆರಳಿಗೆ ಬೆಂಕಿ ತಾಗಿದ ಹಾಗಾಯಿತು.

ಗಾರ್ಮೆಂಟ್ಸ್‌ನಲ್ಲಿ ಸೂಜಿ ಮುರಿದರೆ ಒಂದು ಕಟ್ಟಳೆ ಇದೆ. ಹೊರಗಿನವರಿಗೆ ಗೊತ್ತಿರುವುದಿಲ್ಲ, ಅದಕ್ಕೆ ಹೇಳುತ್ತೇನೆ. ಮುರಿದ ಚೂರುಗಳನ್ನೆಲ್ಲ ಹುಡುಕಬೇಕು. ಸೂಪರ್ವೈಸರ್ ಮುಂದೆ ಒಂದಕ್ಕೊಂದು ಜೋಡಿಸಿ, ಇಡೀ ಸೂಜಿ ಆಯಿತು ಅಂತ ತೋರಿಸಿ, ಸೂಜಿ ಬುಕ್ಕಿನಲ್ಲಿ ಸೆಲ್ಲೋಟೇಪ್ ಹಾಕಿ ಅಂಟಿಸಬೇಕು. ಸೈನ್ ಬೀಳಬೇಕು. ಆಮೇಲೆಯೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಲೈನ್ ನಿಲ್ಲಿಸಿ, ಅಲ್ಲಿರುವ ಬಟ್ಟೆಯೆಲ್ಲ ಕಟ್ಟಿ, ಅಯಸ್ಕಾಂತ ಹಿಡಿದು ಹುಡುಕಬೇಕು. ಒಳ್ಳೆಯ ಕಟ್ಟಳೆ. ಚೂರು ಮಗುವಿನ ಬಟ್ಟೆಯಲ್ಲಿ ಉಳಿಯಬಾರದು ಅಂತಲೇ ಮಾಡಿದ್ದು. ಆದರೆ ಲೈನ್ ನಿಂತರೆ ಆ ದಿನದ ಟಾರ್ಗೆಟ್ ಮುಗಿಯುವವರೆಗೆ ಮೂವತ್ತು ಹೆಂಗಸರೂ ಮನೆಗೆ ಹೋಗುವಂತಿಲ್ಲ ಅನ್ನುವ ಇನ್ನೊಂದು ಕಟ್ಟಳೆಯೂ ಇದೆ. ಅದು ಯಾವ ಬುಕ್ಕಿನಲ್ಲೂ ಬರೆದಿಲ್ಲ.

ಓಬಳಮ್ಮನಿಗೆ ಎರಡು ಚೂರು ಸಿಕ್ಕವು. ಒಂದು ಮಷಿನಿನಲ್ಲೇ ಕಚ್ಚಿಕೊಂಡಿತ್ತು, ಒಂದು ಟೇಬಲ್ ಮೇಲಿತ್ತು. ಮೊನೆ ಇಲ್ಲ. ಮಡಿಲು ಕೊಡವಿದಳು. ನೆಲ ಸವರಿದಳು. ಬೆರಳಿನಿಂದ ರಕ್ತ ಬರುತ್ತಿತ್ತು, ಹಳದಿ ಬಟ್ಟೆಗೆ ತಾಗಿದರೆ ಪೀಸ್ ರಿಜೆಕ್ಟ್, ಅದಕ್ಕೆ ಬೆರಳನ್ನು ಬಾಯಲ್ಲಿ ಇಟ್ಟುಕೊಂಡೇ ಹುಡುಕಿದಳು.

ಹಿಂದಿನ ಮಷಿನಿನ ಹುಡುಗಿಯನ್ನು ಕವಿತ ಅಂತ ಕರೆಯುತ್ತೇನೆ, ಅವಳ ನಿಜ ಹೆಸರು ಬೇರೆ. ಎರಡು ತಿಂಗಳ ಹಿಂದೆ ಅವಳ ಸೂಜಿಯೂ ಹೀಗೇ ಮುರಿದು ಮೊನೆ ಸಿಕ್ಕಿರಲಿಲ್ಲ. ಲೈನ್ ನಿಂತಿತು. ವ್ಯಾನು ಕಾಯದೆ ಹೋಯಿತು. ಹಸುಗೂಸು ಬಿಟ್ಟು ಬಂದವರು, ಬಸ್ಸಿಲ್ಲದ ಊರಿನವರು, ಎಲ್ಲರೂ ಏಳೂವರೆ ತನಕ ನಿಂತರು. ಸೂಪರ್ವೈಸರ್ ಒಂದು ಮಾತು ಬೈದ, ಲೈನಿನ ಹೆಂಗಸರು ಒಂದು ವಾರ ಬೈದರು. ಯಾರೂ ಅವಳ ಪಕ್ಕ ಕೂತು ಊಟ ಮಾಡಲಿಲ್ಲ. ಮಾರನೇ ದಿನ ಆ ಮೊನೆ ಅವಳ ಏಪ್ರನ್ನಿನ ಜೇಬಿನ ಹೊಲಿಗೆಯಲ್ಲೇ ಸಿಕ್ಕಿತು. ಹೇಳಲು ಧೈರ್ಯ ಬರಲಿಲ್ಲ. ಬಿಸಾಕಲೂ ಮನಸ್ಸು ಬರಲಿಲ್ಲ. ಹಣೆಯ ಸ್ಟಿಕ್ಕರ್ ಬೊಟ್ಟು ಕಿತ್ತು, ಅದರ ಗೋಂದಿಗೆ ಮೊನೆ ಅಂಟಿಸಿ, ಮಷಿನ್ ಟೇಬಲ್ಲಿನ ಅಡಿಗೆ ಒತ್ತಿಟ್ಟಳು. ಯಾವತ್ತಾದರೂ ಬೇಕಾದೀತು ಅಂತ.

ಅದು ಬೇಕಾಗಿದ್ದು ಓಬಳಮ್ಮನಿಗೆ.

"ಅಕ್ಕ, ಕೈ ಚಾಚು" ಅಂದಳು ಕವಿತ, ತುಟಿ ಅಲ್ಲಾಡಿಸದೆ. ಅಂಗೈಗೆ ಕೆಂಪು ಬೊಟ್ಟು ಬಂತು.

"ಬ್ಯಾಡ ಕಣೇ. ನನ್ನ ಮೊನೆ ಎಲ್ಲೋ ಐತೆ."

"ನಿನ್ನ ಬೆರಳಲ್ಲೇ ಐತೆ, ನೋಡು ಹೆಂಗೆ ರಕ್ತ ಬತ್ತೈತೆ. ಮನೆಗೋಗಿ ಕಿತ್ಕೊ. ಆವತ್ತು ನನ್ನ ಅನ್ನ ತಿನ್ನಕ್ಕೆ ಬಿಡಲಿಲ್ಲ ಇವರು. ನಿನ್ನ ಬಿಡ್ತಾರಾ?"

ಅಷ್ಟರಲ್ಲಿ ಸೂಪರ್ವೈಸರ್ ಮುನೇಶ್ ಬಂದ. ವಯಸ್ಸು ಇಪ್ಪತ್ತೆಂಟು, ಡಿಪ್ಲೊಮಾ ಓದಿದವನು, ಯಾವಾಗಲೂ ಗಡಿಯಾರ ನೋಡುತ್ತಾ ಮಾತಾಡುವವನು.

"ಏನಮ್ಮ ಓಬಳಮ್ಮ, ಸಿಕ್ತಾ ಇಲ್ವಾ?"

ಹನ್ನೊಂದು ವರ್ಷದಲ್ಲಿ ಸುಳ್ಳು ಹೇಳದ ಬಾಯಿ. "ಸಿಕ್ತು ಸಾರ್" ಅಂದಿತು.

ಮೂರು ಚೂರು ಜೋಡಿಸಿದರು. ಮುನೇಶ್ ನೋಡಿದ. ಒಂದು ಕ್ಷಣ ಜಾಸ್ತಿಯೇ ನೋಡಿದ ಅಂತ ಓಬಳಮ್ಮನಿಗೆ ಅನ್ನಿಸಿತು. ಟೇಪ್ ಹಾಕಿದ, ಸೈನ್ ಮಾಡಿದ, ಹೊಸ ಸೂಜಿ ಕೊಟ್ಟು ತಲೆಯ ಮೇಲೇ ನಿಂತ. "ಬೇಗ, ಬೇಗಮ್ಮ, ಪ್ರೊಡಕ್ಷನ್." ಅವಳು ಅದೇ ಫ್ರಾಕು ಎತ್ತಿಕೊಂಡು, ನಿಂತ ಕಡೆಯಿಂದ ಒಂದು ಇಂಚು ಹಿಂದಕ್ಕೆ ಹೋಗಿ, ಮೊದಲ ಹೊಲಿಗೆಯ ಮೇಲೇ ಹೊಲಿದು ಮುಂದುವರಿಸಿದಳು. ಕಾಲರನ್ನು ಒಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ನಾಲ್ಕು ಪದರ, ಒಳಗೆ ಗಟ್ಟಿ ಕ್ಯಾನ್ವಾಸು. ಏನೂ ತಿಳಿಯಲಿಲ್ಲ. ಮುಂದಿನವಳು ಫ್ರಾಕು ಎಳೆದುಕೊಂಡಳು. ಹೋಯಿತು.

ಅವತ್ತಿನಿಂದ ಓಬಳಮ್ಮನಿಗೆ ಒಂದೇ ಆಸೆ. ಸೂಜಿಯ ಮೊನೆ ತನ್ನ ಬೆರಳಿನಲ್ಲೇ ಇರಲಿ.

ಇಂಥ ಆಸೆ ಯಾವ ತಾಯಿಗೆ ಬರಬೇಕು ಹೇಳಿ. ವ್ಯಾನಿನಲ್ಲಿ ಕೂತು ಬೆರಳು ಒತ್ತುತ್ತಿದ್ದಳು. ನೋವಾದರೆ ಸಮಾಧಾನ. ನೋವು ಕಡಿಮೆ ಅನ್ನಿಸಿದರೆ ಇನ್ನೂ ಜೋರಾಗಿ ಒತ್ತುತ್ತಿದ್ದಳು. ಶುಕ್ರವಾರಕ್ಕೆ ಬೆರಳು ಬದನೆಕಾಯಿಯಾಯಿತು. ಅವಳಿಗೆ ಒಳಗೊಳಗೆ ಖುಷಿ. ಇದೆ, ಒಳಗೇ ಇದೆ.

ಕದಿರಮ್ಮ ಬೆಲ್ಲ ಸುಣ್ಣ ಕಲಸಿ ಬೆರಳಿಗೆ ಕಟ್ಟಿದಳು. ಮುಳ್ಳು ಹೊಕ್ಕರೆ ಈ ಕಡೆ ಹಾಗೇ ಮಾಡುತ್ತಾರೆ, ಮುಳ್ಳನ್ನು ಎಳೆದು ಹೊರಗೆ ಹಾಕುತ್ತದೆ ಅಂತ. "ಸೂಜಿ ಆದ್ರೇನು ಮುಳ್ಳಾದ್ರೇನು, ಬೆಳಿಗ್ಗೆ ಬಂದು ಬಿದ್ದಿರ್ತದೆ ನೋಡು" ಅಂದಳು. ಬೆಳಿಗ್ಗೆ ಓಬಳಮ್ಮ ಪಟ್ಟಿ ಬಿಚ್ಚಿ, ಒಣಗಿದ ಬೆಲ್ಲವನ್ನು ಬೆಳಕಿಗೆ ಹಿಡಿದು, ಪುಡಿ ಮಾಡಿ ಹುಡುಕಿದಳು. ಅತ್ತೆ ನೋಡುತ್ತಿದ್ದಳು.

"ಏನ್ ಹುಡುಕ್ತೀಯೇ, ಮೂಗುತಿ ಕಳ್ಕೊಂಡೋಳ ಹಂಗೆ?"

"ಅದೇ ಅತ್ತೆ. ಬಂತಾ ಅಂತ."

"ಬರದಿದ್ರೆ ಇನ್ನೊಂದು ದಿನ ಕಟ್ಟಣ. ಅದಕ್ಕ್ಯಾಕೆ ಅಳ್ತೀಯಾ?"

ಇದಕ್ಕೆ ಉತ್ತರ ಕೊಡಬೇಕಾದರೆ ಇನ್ನೊಂದು ಸಂಗತಿ ಹೇಳಬೇಕಿತ್ತು. ಅವಳು ಹೇಳಲಿಲ್ಲ, ನಾನು ಹೇಳುತ್ತೇನೆ. ಆ ಕಂಪನಿಯಲ್ಲಿ ಒಂದು ಮಷಿನ್ ಇದೆ. ಪ್ಯಾಕ್ ಮಾಡುವ ಮೊದಲು ಬಟ್ಟೆಯನ್ನು ಅದರೊಳಗೆ ಹಾಯಿಸಿದರೆ, ಎಲ್ಲೇ ಕಬ್ಬಿಣದ ಚೂರಿದ್ದರೂ ಕೂಗಿಕೊಳ್ಳುತ್ತದೆ. ಆದರೆ ಅದು ಹೊರದೇಶಕ್ಕೆ ಹೋಗುವ ಬಟ್ಟೆಗೆ ಮಾತ್ರ. ಅಲ್ಲಿಯವರು ಕೇಳುತ್ತಾರೆ, ಸರ್ಟಿಫಿಕೇಟ್ ಬೇಡುತ್ತಾರೆ. ಹಳದಿ ಫ್ರಾಕು ಎಕ್ಸ್‌ಪೋರ್ಟ್ ಆರ್ಡರಿನಲ್ಲಿ ಉಳಿದ ಬಟ್ಟೆಯಿಂದ ಮಾಡಿದ ಲೋಕಲ್ ಲಾಟು. ನಮ್ಮ ಮಕ್ಕಳಿಗೆ. ನಾವು ಯಾರೂ ಏನೂ ಕೇಳಿರಲಿಲ್ಲವಲ್ಲ, ಅದಕ್ಕೆ ಆ ಮಷಿನಿನ ಪಕ್ಕದಲ್ಲೇ ಹಾದು, ಅದರೊಳಗೆ ಹೋಗದೆ, ಅವು ಡಬ್ಬ ಸೇರಿದವು. ಶನಿವಾರ ಲಾರಿ ಹೊರಟಿತು. ಡಬ್ಬಗಳ ಮೇಲೆ ಊರಿನ ಹೆಸರು ಬರೆದಿದ್ದನ್ನು ಓಬಳಮ್ಮ ಕಣ್ಣಾರೆ ನೋಡಿದಳು. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು.

ಲಾರಿ ಹೋಗುವಾಗ ಅವಳು ಕೂಗಲಿಲ್ಲ ಯಾಕೆ ಅಂತ ನೀವು ಕೇಳಬಹುದು. ಕೇಳಿ. ನಾನೂ ಕೇಳಿದೆ. "ಬೆರಳಲ್ಲೇ ಐತೆ ಅಂತ ನಂಬಿದ್ದೆ" ಅಂದಳು. ಆಮೇಲೆ ತಾನೇ ತಿದ್ದಿ, "ನಂಬಿದ್ದೆ ಅಂತಲೂ ಅಲ್ಲ. ನಂಬಬೇಕಾಗಿತ್ತು" ಅಂದಳು.

ಭಾನುವಾರ ಗೌರಿಬಿದನೂರಿಗೆ ಹೋಗಿ ಎಕ್ಸ್‌ರೇ ತೆಗೆಸಿದಳು. ಅಲ್ಲಿನವನು ಫಿಲಂ ಬೆಳಕಿಗೆ ಹಿಡಿದು, ಇತ್ತ ತಿರುಗಿಸಿ ಅತ್ತ ತಿರುಗಿಸಿ ನೋಡಿ ನಕ್ಕ.

"ಏನೂ ಇಲ್ಲಮ್ಮ. ಸೂಜಿ ಹೊಕ್ಕು ಆಚೆ ಬಂದೈತೆ. ಬರೀ ಕೀವು, ಮಾತ್ರೆ ತಗೊಂಡ್ರೆ ಹೋಗುತ್ತೆ."

"ಸರಿಯಾಗಿ ನೋಡಿ ಅಣ್ಣ. ಸಣ್ಣದು. ಅಕ್ಕಿ ನುಚ್ಚಿನಷ್ಟು."

"ನುಚ್ಚಲ್ಲ, ಧೂಳಿದ್ರೂ ಕಾಣುತ್ತೆ. ಒಳ್ಳೇ ಸುದ್ದಿ ಕಣಮ್ಮ, ಯಾಕಮ್ಮ ಹಿಂಗೆ ಕೂತ್ಬಿಟ್ಟೆ?"

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಕಣ್ಣ ಮುಂದೆ ಒಂದು ಮಗು. ಎರಡು ವರ್ಷದ್ದು. ಹಳದಿ ಫ್ರಾಕು ಹಾಕಿಕೊಂಡು, ಹೊಸ ಬಟ್ಟೆ ಅಂತ ಎಲ್ಲರಿಗೂ ತೋರಿಸುತ್ತಾ ಓಡಾಡುತ್ತಿದೆ. ಯಾರೋ ಮುದ್ದಿಗೆ ಎತ್ತಿ ಎದೆಗೆ ಒತ್ತಿಕೊಳ್ಳುತ್ತಾರೆ. ಎಡ ಹೆಗಲು. ಮಗು ಕಿರುಚುತ್ತದೆ. ಯಾಕೆ ಅಂತ ಯಾರಿಗೂ ತಿಳಿಯುವುದಿಲ್ಲ. ಹಸಿವಾಗಿದೆ ಅನ್ನುತ್ತಾರೆ, ದೃಷ್ಟಿಯಾಗಿದೆ ಅನ್ನುತ್ತಾರೆ, ಮತ್ತೆ ಎತ್ತಿ ಒತ್ತಿಕೊಳ್ಳುತ್ತಾರೆ.

ಸೋಮವಾರ ಬೆಳಿಗ್ಗೆ ಮಷಿನ್ ಶುರುವಾಗುವ ಮೊದಲೇ ಮುನೇಶನ ಹತ್ತಿರ ಹೋದಳು. ಎಲ್ಲ ಹೇಳಿದಳು. ಮೊನೆ ಯಾರು ಕೊಟ್ಟರು ಅನ್ನುವುದೊಂದನ್ನು ಬಿಟ್ಟು. ಅವನು ಗಡಿಯಾರ ನೋಡಲಿಲ್ಲ, ಅದೇ ಮೊದಲ ಸಲ.

"ಬುಕ್ಕಲ್ಲಿ ಮೂರು ಚೂರೂ ಇದೆ" ಅಂದ.

"ಮೂರನೇದು ನನ್ನ ಸೂಜೀದಲ್ಲ ಸಾರ್."

"ಗೊತ್ತು."

ಓಬಳಮ್ಮನಿಗೆ ಅರ್ಥವಾಗಲಿಲ್ಲ.

"ಅವತ್ತೇ ಗೊತ್ತಾಯ್ತು ನಂಗೆ. ಜೋಡಿಸಿದಾಗ ಸೂಜಿ ಒಂದು ಕೂದಲೆಳೆ ಉದ್ದ ಬಂತು. ಮುರಿದ ಸೂಜಿ ಉದ್ದ ಆಗುತ್ತಾ?" ಧ್ವನಿ ತಗ್ಗಿಸಿದ. "ಆ ಹೊತ್ತಿಗೆ ನಲವತ್ತು ಪೀಸ್ ಹಿಂದೆ ಇದ್ವಿ. ಫ್ಲೋರ್ ಮೇನೇಜರ್ ಎರಡು ಸಲ ಬಂದು ಹೋಗಿದ್ದ. ನಾನು ಸೈನ್ ಮಾಡಿದೆ. ಈಗ ನೀನು ಹೇಳಿದ್ರೆ ನೀನು ಹೋಗ್ತೀಯ, ನಾನೂ ಹೋಗ್ತೀನಿ. ಲಾಟಂತೂ ಹೋಗಾಯ್ತು. ನನ್ನ ಮಗಳಿಗೆ ಒಂದೂವರೆ ವರ್ಷ ಕಣಮ್ಮ."

"ಅದಕ್ಕೇ ಸಾರ್ ಹೇಳ್ತಿರೋದು."

ಅವನು ಮುಖ ತಿರುಗಿಸಿದ. "ನೀನು ಹೇಳಿದ್ದು ನಾನು ಕೇಳಿಲ್ಲ. ಹೋಗು, ಪ್ರೊಡಕ್ಷನ್ ನೋಡು."

ಓಬಳಮ್ಮ ನನ್ನ ಹತ್ತಿರ ಹೇಳಿಕೊಂಡಳು: ಆ ಪದವನ್ನು ಮೆಲ್ಲಗೆ ಹೇಳಿದ್ದನ್ನು ಅವಳು ಕೇಳಿದ್ದು ಅವತ್ತು ಮಾತ್ರ.

ಮುನೇಶನನ್ನು ಬೈಯಬೇಕು ಅಂತ ನನಗೂ ಕೈ ತುರಿಸುತ್ತದೆ. ಬೈಯುತ್ತೇನೆ ಕೂಡ: ಸೈನ್ ಮಾಡಿದ ಕೈ ಅವನದು. ಆದರೆ ನಾಲ್ಕು ಪದರ ಬಟ್ಟೆಗೆ ಗಂಟೆಗೆ ಅರವತ್ತು ಅಂತ ಬೋರ್ಡ್ ಮೇಲೆ ಬರೆದವನು ಯಾರು? ಅವನ ಬೆರಳಿಗೆ ಯಾವತ್ತಾದರೂ ಸೂಜಿ ತಾಗಿದೆಯಾ? ಪರದೇಶದ ಮಗುವಿನ ಕುತ್ತಿಗೆಗೊಂದು ಮಷಿನ್, ಶಿಡ್ಲಘಟ್ಟದ ಮಗುವಿನ ಕುತ್ತಿಗೆಗೆ ದೇವರೇ ಗತಿ ಅಂತ ತೀರ್ಮಾನ ಮಾಡಿದವನು ಯಾವ ಕುರ್ಚಿಯಲ್ಲಿ ಕೂತಿದ್ದಾನೆ? ಅವನ ಹೆಸರು ಓಬಳಮ್ಮನಿಗೆ ಗೊತ್ತಿಲ್ಲ. ಮುನೇಶನಿಗೂ ಗೊತ್ತಿಲ್ಲ.

ಅವಳ ಜಾಗದಲ್ಲಿ ನೀವಿದ್ದರೆ, ನಾನಿದ್ದರೆ, ಸೋಮವಾರಕ್ಕೆ ಮುಗಿಸುತ್ತಿದ್ದೆವು. ಹೇಳಬೇಕಾದವರಿಗೆ ಹೇಳಿದೆ, ಇನ್ನು ನನ್ನದೇನಿದೆ ಅಂತ. ಆ ಸಂಜೆ ಹರಿತಾ ಕೂಡ ಅದನ್ನೇ ಅಂದಳು. ಮಗಳಿಗೆ ಅವತ್ತು ಎಲ್ಲ ಗೊತ್ತಾಗಿತ್ತು.

"ಮೂವತ್ತು ಜನ ಸೇರಿ ಮಾಡಿದ್ದು ಅಮ್ಮ. ನೀನೊಬ್ಬಳದೇ ಹೆಂಗಾಗುತ್ತೆ? ಅದು ಕಂಪನಿ ಪ್ರೊಡಕ್ಷನ್."

"ಪ್ರೊಡಕ್ಷನ್ ಅಂದ್ರೆ ಯಾರ್ದೂ ಅಲ್ಲ, ಸರಿ. ಆದ್ರೆ ಆ ಕಾಲರ್ ನಾನು ಮಾಡಿದ್ದು ಕಣೇ. ಸಾವಿರ ಫ್ರಾಕು ರಾಶಿ ಹಾಕು, ನಂದು ಯಾವ್ದು ಅಂತ ಎತ್ತಿ ಕೊಡ್ತೀನಿ."

ಜಂಬ ಅಲ್ಲ ಅದು. ಹೊಲಿಗೆ ಮುಗಿಯುವಲ್ಲಿ ಎಲ್ಲರೂ ಎರಡು ಸಲ ಹಿಂದೆ ಮುಂದೆ ಹೊಡೆದು ದಾರ ಕತ್ತರಿಸುತ್ತಾರೆ. ಓಬಳಮ್ಮ ಮೂರು ಸಲ. ಹುಡುಗಿಯಾಗಿದ್ದಾಗ ಊರಿನ ಟೈಲರ್ ಹತ್ತಿರ ಕಲಿತ ಅಭ್ಯಾಸ, ಎಷ್ಟು ಬೈದರೂ ಬಿಟ್ಟಿಲ್ಲ. ಅವುಗಳಲ್ಲೂ ಒಂದೇ ಒಂದು ಫ್ರಾಕಿಗೆ ಎಡ ಹೆಗಲ ಹತ್ತಿರ ಒಂದು ಇಂಚು ಹೊಲಿಗೆಯ ಮೇಲೆ ಹೊಲಿಗೆ ಬಿದ್ದಿದೆ. ಗುರುತು ಅಷ್ಟು ಖಚಿತ. ಆ ಒಂದು ಫ್ರಾಕು ಸಿಕ್ಕರೆ ಸಾಕು.

ಅದಾದ ಮೇಲೆ ಅವಳಿಗೆ ಭಾನುವಾರವೇ ಇಲ್ಲ. ಮೊದಲ ವಾರ ಗೌರಿಬಿದನೂರು. ಎರಡನೇ ವಾರ ಚಿಕ್ಕಬಳ್ಳಾಪುರ. ಬಸ್ ಸ್ಟ್ಯಾಂಡಿನಿಂದ ಶುರು ಮಾಡಿ, ಮಕ್ಕಳ ಬಟ್ಟೆ ನೇತು ಹಾಕಿದ ಒಂದೊಂದು ಅಂಗಡಿಗೂ ಹೋಗುತ್ತಾಳೆ. ಮೊಮ್ಮಗಳಿಗೆ ಅಂತಾಳೆ. ಹಳದಿ ಅಂತಾಳೆ, ಎರಡು ವರ್ಷ ಅಂತಾಳೆ. ತಂದು ಹಾಕಿದರೆ ಕಾಲರ್ ತಿರುಗಿಸುತ್ತಾಳೆ, ಎಡ ಹೆಗಲು ನೋಡುತ್ತಾಳೆ, ಹೆಬ್ಬೆರಳಿನಿಂದ ಒತ್ತುತ್ತಾಳೆ. ಸೆರಗಿನ ಅಡಿಯಲ್ಲಿ ಒಂದು ಅಯಸ್ಕಾಂತ ಇರುತ್ತದೆ, ಗಂಗರಾಜು ಯಾವುದೋ ಹಳೇ ಸ್ಪೀಕರಿನಿಂದ ಕಿತ್ತು ತಂದುಕೊಟ್ಟದ್ದು. ಕೊನೆಗೆ "ಇದಲ್ಲ" ಅಂತ ಎದ್ದು ಬರುತ್ತಾಳೆ. ಹಿಂದಿನಿಂದ ಬೈಗುಳ ಬರುತ್ತದೆ.

ಮೂರನೇ ವಾರ ಚಿಂತಾಮಣಿಯಲ್ಲಿ ಸಿಕ್ಕಿಬಿದ್ದಳು. ಅಂಗಡಿ ಯಜಮಾನ ಮೋಹನ್‌ಬಾಬು ಅವಳ ಸೆರಗಿನಡಿಯ ಕೈ ನೋಡಿದ. ಕಳ್ಳಿ ಅಂದುಕೊಂಡು ಶಟರ್ ಅರ್ಧ ಎಳೆಸಿದ.

"ಏನಮ್ಮ ಅದು ಕೈಯಲ್ಲಿ? ತೆಗಿ ಆಚೆಗೆ!"

ಅಯಸ್ಕಾಂತ ಟೇಬಲ್ ಮೇಲೆ ಬಿತ್ತು. ಅದಕ್ಕೆ ಅಂಗಡಿಯ ಎರಡು ಗುಂಡುಪಿನ್ನು ಅಂಟಿಕೊಂಡಿದ್ದವು.

"ಪಿನ್ ಕದಿಯಕ್ಕೆ ಬಂದ್ಯಾ ಇಷ್ಟು ದೂರ?" ಅಂದ ಅವನು. ಕೂತಿದ್ದ ಗಿರಾಕಿಗಳು ನಕ್ಕರು.

ಪೊಲೀಸು, ಊರು, ಮಗಳ ಕಾಲೇಜು, ಎಲ್ಲ ಒಮ್ಮೆಗೇ ಓಬಳಮ್ಮನ ಕಣ್ಣ ಮುಂದೆ ಬಂತು. ಆದರೂ ಬಾಯಿ ಬಿಟ್ಟಳು. "ಕದಿಯಕ್ಕಲ್ಲ ಅಣ್ಣ. ಈ ಫ್ರಾಕು ಹೊಲಿದೋಳು ನಾನೇ. ಒಂದರಲ್ಲಿ ಸೂಜಿಮೊನೆ ಉಳಿದೈತೆ."

ನಗು ನಿಂತಿತು. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡಿದ್ದ ಒಬ್ಬಳು ಕೈಲಿದ್ದ ಫ್ರಾಕನ್ನು ಹಾವು ಹಿಡಿದವಳ ಹಾಗೆ ಕೆಳಗೆ ಬಿಟ್ಟಳು. ಮೋಹನ್‌ಬಾಬು ಗಿರಾಕಿಗಳ ಮುಖ ನೋಡಿದ, ಆಮೇಲೆ ಓಬಳಮ್ಮನನ್ನು ಒಳಗಿನ ಗೋಡೌನಿಗೆ ಕರೆದುಕೊಂಡು ಹೋದ. ಕೈಮುಗಿದ.

"ತಾಯೀ, ಉಳಿದಿರೋದು ಇಷ್ಟೇ, ಎಲ್ಲ ನೋಡ್ಕೊ. ಆದ್ರೆ ಆಚೆ ಹೇಳ್ಬೇಡ. ನನ್ನ ಅಂಗಡೀಲಿ ಸೂಜಿ ಇದೆ ಅಂದ್ರೆ ಒಂದು ಕರ್ಚೀಫೂ ಮಾರಾಟ ಆಗಲ್ಲ."

"ಮಾರಿರೋದು ಯಾರಿಗೆ ಅಂತ ಗೊತ್ತಾ ಅಣ್ಣ?"

"ಬಟ್ಟೆ ತಗೊಂಡೋರು ವಿಳಾಸ ಕೊಟ್ಟು ಹೋಗ್ತಾರಾ?"

ಉಳಿದದ್ದು ಒಂಬತ್ತು. ಐದಕ್ಕೆ ಓಬಳಮ್ಮನ ಮೂರು ಹೊಡೆತದ ಗುರುತಿತ್ತು, ಉಳಿದ ನಾಲ್ಕು ಬೇರೆ ಲೈನಿನವು. ಎಡ ಹೆಗಲಲ್ಲಿ ಹೊಲಿಗೆಯ ಮೇಲೆ ಹೊಲಿಗೆ ಯಾವುದಕ್ಕೂ ಇರಲಿಲ್ಲ.

ನಾಲ್ಕನೇ ವಾರ ಶಿಡ್ಲಘಟ್ಟ. ಅಲ್ಲಿ ಒಂದೇ ಅಂಗಡಿಗೆ ಆ ಲಾಟು ಬಂದಿತ್ತು, ಪೂರ್ತಿ ಖಾಲಿಯಾಗಿತ್ತು. "ಚೆನ್ನಾಗಿ ಹೋಯ್ತಮ್ಮ ಆ ಹಳದಿ" ಅಂತ ಅಂಗಡಿಯವನು ಹೆಮ್ಮೆಯಿಂದ ಅಂದ. "ಹೊಲಿಗೆ ಗಟ್ಟಿ ಇತ್ತು."

ಹೊಲಿಗೆ ಗಟ್ಟಿ ಇತ್ತು. ಹನ್ನೊಂದು ವರ್ಷದಲ್ಲಿ ತನ್ನ ಕೆಲಸಕ್ಕೆ ಒಬ್ಬರು ಒಳ್ಳೆಯ ಮಾತು ಹೇಳಿದ್ದು ಅದೇ ಮೊದಲು. ಬಸ್ಸಿನಲ್ಲಿ ವಾಪಸ್ ಬರುವಾಗ ಎದುರು ಸೀಟಿನಲ್ಲಿ ಒಂದು ಮಗು ಅಳುತ್ತಿತ್ತು. ಕೆಂಪು ಸ್ವೆಟರ್ ಹಾಕಿತ್ತು, ಒಳಗೆ ಏನಿದೆ ಅಂತ ಕಾಣಲಿಲ್ಲ. ಓಬಳಮ್ಮ ತಡೆಯಲಾರದೆ ಎದ್ದು ಸ್ವೆಟರಿನ ಕುತ್ತಿಗೆ ಹತ್ತಿರ ಕೈ ಹಾಕಿದಳು. ಮಗುವಿನ ತಾಯಿ ಅವಳ ಕೈಮೇಲೆ ಹೊಡೆದಳು. ಒಳಗೆ ಬಿಳೀ ಬನಿಯನ್ ಇತ್ತು.

ಈಗ ಅವಳು ದಾರಿಯಲ್ಲಿ ಹಳದಿ ಬಣ್ಣ ಕಂಡರೆ ನಿಲ್ಲುತ್ತಾಳೆ. ನಂದಿಬೆಟ್ಟದ ಹತ್ತಿರ ಹೂವಿನ ತೋಟದಲ್ಲಿ ಚೆಂಡುಹೂವು ಕಂಡರೂ ಒಮ್ಮೆ ತಿರುಗಿ ನೋಡುತ್ತಾಳಂತೆ. ಬೆರಳು ವಾಸಿಯಾಗಿದೆ. ಈಗಲೂ ಅದನ್ನು ಒತ್ತುತ್ತಾಳೆ.

ಇದನ್ನು ಬರೆಯಿರಿ ಅಂದವಳು ಅವಳೇ. ಹೆಸರು ಬದಲಾಯಿಸುತ್ತೇನೆ ಅಂದೆ. ಕವಿತಳದ್ದು ಬದಲಾಯಿಸಿ, ನನ್ನದು ಬೇಡ ಅಂದಳು.

"ಕೆಲಸ ಹೋಗುತ್ತಲ್ಲಮ್ಮ."

"ಹೋಗ್ತದೆ."

"ಮತ್ತೆ?"

"ಹೆಸರಿಲ್ದಿದ್ರೆ ಕತೆ ಅಂದ್ಕೊಂಡು ಪುಟ ತಿರುವಿಬಿಡ್ತಾರೆ ಸಾರ್. ಆ ಮಗು ತಾಯಿ ಪೇಪರ್ ಓದ್ತಾಳೋ ಇಲ್ವೋ. ಓದೋರು ಯಾರಾದ್ರೂ ಪಕ್ಕದ ಮನೇಲಿ ಇರ್ತಾರಲ್ಲ?"

ಇರುತ್ತೀರಿ. ನೀವೇ ಇದ್ದೀರಿ.

ಹಾಗಾಗಿ ಕೇಳಿ. ಅಯ್ಯೋ ಪಾಪ ಅನ್ನುವುದನ್ನು ಆಮೇಲೆ ಇಟ್ಟುಕೊಳ್ಳಿ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ, ಅಂಗನವಾಡಿಯಲ್ಲಿ, ನಾಮಕರಣಕ್ಕೆ ಹೋದ ಕಡೆಯಲ್ಲಿ, ದುಂಡು ಕಾಲರಿನ ಹಳದಿ ಫ್ರಾಕು ಹಾಕಿದ ಎರಡು ವರ್ಷದ ಮಗು ಇದ್ದರೆ ಎತ್ತಿ ಮುದ್ದಾಡಬೇಡಿ. ಮೊದಲು ಆ ಫ್ರಾಕು ಬಿಚ್ಚಿಸಿ. ಕಾಲರ್ ತಿರುಗಿಸಿ. ಎಡ ಹೆಗಲ ಹತ್ತಿರ ಒಂದು ಇಂಚು ಹೊಲಿಗೆಯ ಮೇಲೆ ಹೊಲಿಗೆ ಇದೆಯಾ ನೋಡಿ. ಈ ಪೇಪರ್ ಕೆಳಗಿಡಿ. ಏಳಿ, ಈಗಲೇ ಹೋಗಿ ನೋಡಿ.